ಒಬ್ಬರೇ ಕೌನ್ಸೆಲರ್, 2,400 ವಿದ್ಯಾರ್ಥಿಗಳು: ಕಾಯುವ ಪಟ್ಟಿ ಕರಗಿಸೋದು ಹೇಗೆ?

ಕೊಠಡಿ 14
ಎಂಜಿನಿಯರಿಂಗ್ ಕಾಲೇಜು, ಜಿಲ್ಲಾ ಕೇಂದ್ರದಿಂದ ಸ್ವಲ್ಪ ದೂರ. 2,400 ವಿದ್ಯಾರ್ಥಿಗಳು, ಅರ್ಧದಷ್ಟು ಜನ ಹಾಸ್ಟೆಲ್‌ನಲ್ಲಿ. ಕೌನ್ಸೆಲಿಂಗ್‌ಗೆ ಪೂರ್ಣಾವಧಿ ಹುದ್ದೆ ಒಂದೇ, ಅರ್ಹತೆ ಎಂಎಸ್ಸಿ ಸೈಕಾಲಜಿ. ಮೊದಲ ಭೇಟಿಗೆ ಈಗ ಮೂರು ವಾರ ಕಾಯಬೇಕು, ಇಂಟರ್ನಲ್ಸ್ ಹತ್ತಿರ ಬಂದರೆ ಇನ್ನೂ ಹೆಚ್ಚು. ಅಷ್ಟರಲ್ಲಿ ಅರ್ಧ ಮಂದಿ ಬರೋದನ್ನೇ ಬಿಟ್ಟಿರ್ತಾರೆ.

ಮೂರು ಪ್ರಶ್ನೆ. ಒಂದು, ಯಾರನ್ನು ಇವತ್ತೇ ನೋಡಬೇಕು, ಯಾರು ಕಾಯಬಹುದು ಅಂತ ವಿಂಗಡಿಸೋದು ಹೇಗೆ? ಎರಡು, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಫೈಲಿಗೆ ಅಂತ ಪ್ರಾಂಶುಪಾಲರು ಬಂದವರ ಹೆಸರಿನ ಪಟ್ಟಿ ಕೇಳ್ತಿದ್ದಾರೆ, ಕೊಡಬೇಕಾ? ಮೂರು, ರಾತ್ರಿ ಹಾಸ್ಟೆಲ್‌ನಲ್ಲಿ ಏನಾದರೂ ಆದರೆ ಯಾರ ಜವಾಬ್ದಾರಿ?

ಬಯಲುಸೀಮೆ
ಇನ್ನಿಬ್ಬರನ್ನು ನೇಮಿಸಿಕೊಳ್ಳಲಿ. ಮುಗೀತಲ್ಲ.

ಲೆಕ್ಕದ ಮೇಷ್ಟ್ರು
ಮುಗಿಯಲ್ಲ ಸ್ವಾಮಿ, ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದು ಸೆಷನ್, ತಲಾ 50 ನಿಮಿಷ, ಟಿಪ್ಪಣಿಗೆ 10 ನಿಮಿಷ. ವಾರಕ್ಕೆ 25 ಆಯ್ತು. ಸಭೆ, ಪೋಷಕರ ಫೋನು, ಸರ್ಕಾರಿ ರಜೆ ಕಳೆದರೆ 20. ಸೆಮಿಸ್ಟರ್‌ಗೆ 16 ವಾರ ಅಂದರೆ 320 ಸೆಷನ್. ಒಬ್ಬೊಬ್ಬರಿಗೆ ನಾಲ್ಕು ಸಲ ಕೂತರೆ 80 ಮಂದಿಗೆ ಖಾಲಿ. ನೂರಕ್ಕೆ ಹತ್ತು ಜನ ಬಾಗಿಲು ತಟ್ಟಿದರೂ 240 ಆಗುತ್ತೆ. ಇನ್ನಿಬ್ಬರನ್ನು ಹಾಕಿದರೆ ಇವತ್ತಿಗೆ ಸರಿಹೋಗುತ್ತೆ, ನಿಜ. ಆದರೆ ಬೇಗ ಸಿಗುತ್ತಾರೆ ಅಂತ ಗೊತ್ತಾದ ಕೂಡಲೇ ಬರುವವರೂ ಹೆಚ್ಚುತ್ತಾರೆ. ಎಲ್ಲರಿಗೂ 50 ನಿಮಿಷ ಅನ್ನೋ ಪದ್ಧತಿ ಇರೋ ತನಕ ಪಟ್ಟಿ ಮತ್ತೆ ಬೆಳೆಯುತ್ತೆ.

ಹೀಗೆ ಮಾಡಿ ನೋಡಿ: ದಿನದ ಒಂದು ಗಂಟೆಯನ್ನು 20 ನಿಮಿಷದ ಮೂರು ಮೊದಲ ಭೇಟಿಗಳಿಗೆ ಕೊಡಿ. ವಾರಕ್ಕೆ 15, ಸೆಮಿಸ್ಟರ್‌ಗೆ 240. ಬಂದವರನ್ನೆಲ್ಲ ಒಮ್ಮೆಯಾದರೂ ನೋಡಿದ ಹಾಗಾಯ್ತು. ಉಳಿಯೋದು ವಾರಕ್ಕೆ 15 ದೊಡ್ಡ ಸೆಷನ್, ಒಟ್ಟು 240. ನಾಲ್ಕರ ಲೆಕ್ಕದಲ್ಲಿ 60 ಮಂದಿಗೆ ಸಾಕು. ಅಂದರೆ ಬಂದ ನಾಲ್ವರಲ್ಲಿ ಮೂವರಿಗೆ ಬೇರೆ ದಾರಿ ತೋರಿಸಲೇಬೇಕು.

ಕಡಲತಡಿ
ಮೂವರನ್ನು ಸಾಗಹಾಕೋದು ಅಂತ ನೇರ ಹೇಳಿ ಮಾರಾಯ್ರೆ. 20 ನಿಮಿಷದಲ್ಲಿ ಆ ಹುಡುಗ ಊರು, ಬ್ರಾಂಚು ಹೇಳಿ ಮುಗಿಸುವಷ್ಟರಲ್ಲಿ ಟೈಮ್ ಆಯ್ತು ಅಂತ ಎಬ್ಬಿಸುವುದಾ?

ಧಾರವಾಡ ಪೇಡೆ
ಸಾಗಹಾಕೂದಲ್ರೀ, ವಿಂಗಡಿಸೂದು. ಮೊದಲನೇ ಭೇಟಿಯೊಳಗ ಕಥಿ ಪೂರ್ತಿ ಕೇಳಂಗಿಲ್ಲ. ನಾಕು ಸಂಗತಿ ಅಷ್ಟ ತಿಳಕೋಬೇಕು: ಜೀವಕ್ಕ ಅಪಾಯ ಐತೇನು, ನಿದ್ದಿ-ಊಟ-ಕ್ಲಾಸು ಎಷ್ಟು ಕೆಟ್ಟಾವು, ಜೊತಿಗೆ ಯಾರರೆ ಅದಾರೇನು, ಮತ್ತ ಈ ವಾರದಾಗ ಏನು ಬದಲಾದ್ರ ಹಗುರ ಆಗತೈತಿ.

ಹೊರಗ ಕೂತಾಗನ ಖಿನ್ನತೆ ಅಳಿಯೂ ಪಿಎಚ್‌ಕ್ಯೂ-9 ಪ್ರಶ್ನಾವಳಿದು ಕನ್ನಡ ಹಾಳಿ ಕೊಡ್ರಿ. ಒಂಬತ್ತು ಪ್ರಶ್ನಿ, ಒಂದೊಂದಕ್ಕ 0ರಿಂದ 3, ಒಟ್ಟು 27 ಅಂಕ. 10 ಮುಟ್ಟಿದ್ರ ಲಕ್ಷ್ಯ ಕೊಡಬೇಕು, 20 ಮುಟ್ಟಿದ್ರ ಮನೋವೈದ್ಯರ ಕಡೆ ಕಳಸೂದು ಚಲೋ. ಆದ್ರ ಒಟ್ಟು ಕೂಡಸೂ ಮೊದಲ ಒಂಬತ್ತನೇ ಪ್ರಶ್ನಿ ನೋಡ್ರಿ, ಸಾಯೂ ವಿಚಾರದ್ದು ಅದು. ಒಟ್ಟು ಬರೇ 6 ಬಂದು ಒಂಬತ್ತನೇದಕ್ಕ 1 ಹಾಕಿದ್ರೂ ಆ ಹುಡುಗ ಅವತ್ತ ಕಾಯೂ ಪಟ್ಟಿಗೆ ಹೋಗಬಾರದು. ಬಾಯಿಬಿಟ್ಟು ಕೇಳಬೇಕು: ಸಾಯಬೇಕು ಅನಸೇತೇನು? ಹೆಂಗ ಅಂತ ವಿಚಾರ ಮಾಡೀಯೇನು? ಮಾಡೂ ಮನಸ್ಸು ಐತೇನು? ಹಿಂದ ಏನರೆ ಮಾಡ್ಕೊಂಡಿದ್ದಿಯೇನು, ಯಾವಾಗ? ಕೇಳಿದ್ರ ಇಲ್ಲದ ವಿಚಾರ ತಲಿಯೊಳಗ ಹೊಕ್ಕತೈತಿ ಅನ್ನೂದು ಸುಳ್ಳು. ಕೇಳದಿದ್ರನ ಅಪಾಯ.

ಮನಸ್ಸೂ ಐತಿ, ಯೋಜನಿನೂ ಐತಿ ಅಂದ್ರ ಒಬ್ಬನ್ನ ಬಿಡಬ್ಯಾಡ್ರಿ, ಅವತ್ತ ಆಸ್ಪತ್ರಿ. ವಿಚಾರ ಬರತೈತಿ ಆದ್ರ ಯೋಜನಿ ಇಲ್ಲಂದ್ರ ಕೂತು ಸುರಕ್ಷಾ ಯೋಜನೆ ಬರೀರಿ, ಎರಡು ದಿನದಾಗ ಮತ್ತ ಕರೀರಿ. ಉಳಿದವರಿಗೆ ವಾರ, ಎರಡು ವಾರ ನಡೀತೈತಿ.

ಕೊಠಡಿ 14
ಸುರಕ್ಷಾ ಯೋಜನೆ ಅಂದರೆ "ಏನೂ ಮಾಡಿಕೊಳ್ಳಲ್ಲ" ಅಂತ ಸಹಿ ಹಾಕಿಸಿಕೊಳ್ಳೋದಾ? ಕಾಲೇಜಿನ ಹಳೇ ಫಾರ್ಮ್‌ನಲ್ಲಿ ಅದೇ ಇದೆ.

ಧಾರವಾಡ ಪೇಡೆ
ಆ ಫಾರ್ಮ್ ಹರದ ಒಗೀರಿ. ಆ ಸಹಿ ಯಾರನ್ನೂ ಉಳಿಸಿದ್ದಕ್ಕ ಪುರಾವೆ ಇಲ್ಲ, ಕಾಲೇಜಿನವ್ರಿಗೆ ಸಮಾಧಾನ ಅಷ್ಟ. ಸುರಕ್ಷಾ ಯೋಜನೆಗೆ ಆರು ಹಂತ, ಅವನ ಮಾತಿನಾಗ, ಅವನ ಕೈಲೆ ಬರಸಬೇಕು. ಕೆಟ್ಟ ಹೊತ್ತು ಬರೂದು ಹೆಂಗ ಗೊತ್ತಾಗತೈತಿ, ಒಬ್ಬನ ಇದ್ದಾಗ ಏನು ಮಾಡಬಲ್ಲ, ಮನಸ್ಸು ಬ್ಯಾರೆ ಕಡೆ ಹರಿಸೂ ಜಾಗ-ಜನ, ಬಾಯಿಬಿಟ್ಟು ಸಹಾಯ ಕೇಳಬಹುದಾದವ್ರು, ವೈದ್ಯರ ಮತ್ತ ಸಹಾಯವಾಣಿ ನಂಬರು, ಕಡೀಕ ಅಪಾಯದ ವಸ್ತು ಕೈಗೆ ಸಿಗದಂಗ ದೂರ ಇಡೂದು. ಅರ್ಧ ತಾಸು ಹಿಡೀತೈತಿ. ಫೋಟೋ ತಗದು ಅವನ ಮೊಬೈಲಿನಾಗ ಇರಲಿ. "ಯಾರಿಗೆ ಫೋನ್ ಮಾಡ್ತಿ" ಅಂದಾಗ "ಫ್ರೆಂಡ್ಸ್" ಅಂತ ಬರದ್ರ ಬಿಡಬ್ಯಾಡ್ರಿ, ಹೆಸರು ಬೇಕು, ನಂಬರು ಬೇಕು, ಅವ ರಾತ್ರಿ ಫೋನ್ ಎತ್ತತಾನೇನು ಅನ್ನೂದೂ ಬೇಕು.

ಎರಡನೇ ಶಿಫ್ಟ್
ಪಿಎಚ್‌ಕ್ಯೂ ಹಾಳೆ ಯಾಕೆ, ಗೂಗಲ್ ಫಾರ್ಮ್ ಮಾಡಿ ಲಿಂಕ್ ಕಳಿಸಿದರೆ ಇಡೀ ಕಾಲೇಜಿನ ಸ್ಕ್ರೀನಿಂಗ್ ಒಂದೇ ದಿನದಲ್ಲಿ ಆಗುತ್ತಲ್ಲ?

ಲೆಕ್ಕದ ಮೇಷ್ಟ್ರು
ಆಗುತ್ತೆ. ಶನಿವಾರ ರಾತ್ರಿ 11ಕ್ಕೆ ಒಂಬತ್ತನೇ ಪ್ರಶ್ನೆಗೆ ಒಬ್ಬಳು 3 ಅಂತ ಒತ್ತಿರ್ತಾಳೆ, ನೀವು ನೋಡೋದು ಸೋಮವಾರ. ಹೇಳಿಕೊಂಡರೂ ಯಾರೂ ಕೇಳಲಿಲ್ಲ ಅನ್ನೋದು ಅವಳಿಗೆ ಖಾತ್ರಿಯಾಗಿರುತ್ತೆ. ಅದೇ ದಿನ ನೋಡೋರು ಇಲ್ಲದೆ ಆ ಪ್ರಶ್ನೆಯನ್ನು ಆನ್‌ಲೈನ್‌ನಲ್ಲಿ ಕೇಳಲೇಬಾರದು. ಇನ್ನೊಂದು, ಕಾಲೇಜಿನ ಇಮೇಲ್‌ನಿಂದ ಮಾಡಿದ ಫಾರ್ಮ್‌ನ ಶೀಟು ಯಾರ ಯಾರ ಜೊತೆ ಶೇರ್ ಆಗಿದೆ ಅಂತ ಒಮ್ಮೆ ತೆಗೆದು ನೋಡಿ. ಕಚೇರಿಯ ಕಂಪ್ಯೂಟರ್ ಆಪರೇಟರ್‌ಗೂ ತೆರೆದಿರುತ್ತೆ.

ಕಾಯ್ದೆ ಕಣ್ಣು
ನೇಮಕಾತಿ ವಿಷಯಕ್ಕೆ ಬರೋಣ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ 15 ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ, ಹಾಸ್ಟೆಲ್ ಮತ್ತು ತರಗತಿಗಳಲ್ಲಿ ಸಹಾಯವಾಣಿ ಸಂಖ್ಯೆಗಳ ಫಲಕ, ಇವೂ ಇವೆ. ಆಡಳಿತ ಮಂಡಳಿಗೆ ಪತ್ರ ಬರೆಯುವಾಗ ಇದನ್ನೇ ಉಲ್ಲೇಖಿಸಿ.

ಬಯಲುಸೀಮೆ
"ಕನಿಷ್ಠ ಒಬ್ಬ" ಅಂದಿದ್ದೇ ತಪ್ಪಾಯ್ತು. 100 ಮಕ್ಕಳಿಗೂ ಒಬ್ಬ, 5,000 ಮಕ್ಕಳಿಗೂ ಒಬ್ಬ, ಎರಡೂ ಕಡೆ ಟಿಕ್ ಬೀಳುತ್ತೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಕಾಯ್ದೆ ಕಣ್ಣು
ಒಪ್ಪುತ್ತೇನೆ. ಅನುಪಾತ ಬೇಕಿದ್ದರೆ ಅಮೆರಿಕದ ಕೌನ್ಸೆಲಿಂಗ್ ಕೇಂದ್ರಗಳ ಮಾನ್ಯತಾ ಸಂಸ್ಥೆ ಹೇಳುವ 1,000ದಿಂದ 1,500 ವಿದ್ಯಾರ್ಥಿಗಳಿಗೆ ಒಬ್ಬರು ಅನ್ನೋದನ್ನು ಪತ್ರದಲ್ಲಿ ಹಾಕಬಹುದು. ಅದರ ಪ್ರಕಾರವೂ 2,400ಕ್ಕೆ ಇಬ್ಬರು. ಇಲ್ಲಿ ಕಡ್ಡಾಯ ಅಲ್ಲ, ಆದರೆ ಮಂಡಳಿಯವರಿಗೆ ಅಂಕಿ ಕಂಡರೆ ಅರ್ಥವಾಗುತ್ತೆ.

ಕಡಲತಡಿ
ಇನ್ನೊಂದು ತಮಾಷೆ ಉಂಟು. ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೇ "ಕೌನ್ಸೆಲರ್ ಇನ್‌ಚಾರ್ಜ್" ಅಂತ ಆರ್ಡರ್ ಕೊಡುವುದು. ಇಂಟರ್ನಲ್ಸ್ ಅಂಕ ಹಾಕುವವರ ಎದುರು ಯಾವ ಹುಡುಗಿ ಬಾಯಿ ಬಿಡ್ತಾಳೆ ಹೇಳಿ? ಅಂಕ, ಹಾಜರಿ, ಶಿಸ್ತು, ಈ ಮೂರರಲ್ಲಿ ಯಾವುದು ಕೈಯಲ್ಲಿದ್ದರೂ ಆ ಕುರ್ಚಿಗೆ ಅವರು ಆಗುವುದಿಲ್ಲ.

ವಾರ್ಡನ್ ಅಕ್ಕ
ರಾತ್ರಿಯ ವಿಷಯ ಯಾರೂ ಮುಟ್ಟಲಿಲ್ಲ. ಕೌನ್ಸೆಲರ್ ಐದಕ್ಕೆ ಮನೆಗೆ ಹೋಗ್ತಾರೆ, ಹಾಸ್ಟೆಲ್‌ನಲ್ಲಿ ತೊಂದರೆ ಶುರುವಾಗೋದೇ ಹತ್ತರ ಮೇಲೆ. ಗೋಡೆ ಮೇಲೆ ಫಲಕ ಇದ್ದರೆ ಸಾಲದು, ಸೆಕ್ಯೂರಿಟಿ, ವಾರ್ಡನ್, ಫ್ಲೋರ್ ಪ್ರತಿನಿಧಿ ಮೂವರ ಜೇಬಿನಲ್ಲೂ ಒಂದು ಕಾರ್ಡ್ ಇರಲಿ: ಆಂಬುಲೆನ್ಸ್ 108, ತುರ್ತು 112, ಟೆಲಿ ಮಾನಸ್ (ಮಾನಸಿಕ ಆರೋಗ್ಯ ಸಹಾಯವಾಣಿ) 14416, ಆ ರಾತ್ರಿಯ ಡ್ಯೂಟಿ ಅಧ್ಯಾಪಕರ ನಂಬರ್. ಕಾರ್ಡಿನ ಹಿಂದೆ ನಾಲ್ಕು ಸಾಲು ಸಾಕು. ಒಬ್ಬರನ್ನೇ ಬಿಡಬೇಡಿ. ಗುಂಪು ಸೇರಿಸಬೇಡಿ. ಬೈಬೇಡಿ, ವಿಡಿಯೋ ಮಾಡಬೇಡಿ. ಏನಾದರೂ ಸೇವಿಸಿದ್ದರೆ ಅಥವಾ ಗಾಯವಾಗಿದ್ದರೆ ಮಾತು ಆಮೇಲೆ, ಮೊದಲು ಆಸ್ಪತ್ರೆ.

ಎಡವಟ್ಟಾಗೋದು ಸಾಮಾನ್ಯವಾಗಿ ಆಂಬುಲೆನ್ಸ್ ಬಂದ ಮೇಲೆ. ಜೊತೆಗೆ ಯಾರು ಹೋಗಬೇಕು, ಅಡ್ವಾನ್ಸ್ ಯಾರು ಕಟ್ಟಬೇಕು, ರಾತ್ರಿ ಗೇಟಿನ ಕೀಲಿ ಯಾರ ಹತ್ತಿರ. ಇದನ್ನು ಜೂನ್‌ನಲ್ಲೇ ಬರೆದಿಡಬೇಕು. ವಿದ್ಯಾರ್ಥಿನಿಯಾದರೆ ಜೊತೆಗೆ ಹೋಗುವ ಮಹಿಳಾ ಸಿಬ್ಬಂದಿ ಯಾರು ಅನ್ನೋದೂ ಪಟ್ಟಿಯಲ್ಲಿರಲಿ.

ಎರಡನೇ ಶಿಫ್ಟ್
ಆದರೆ ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ ಅಂತ ಮ್ಯಾನೇಜ್‌ಮೆಂಟ್ ಹೆದರುತ್ತಲ್ಲ. ಗುಟ್ಟಾಗಿ ನರ್ಸಿಂಗ್ ಹೋಮ್‌ಗೆ ಕರೆದೊಯ್ಯೋದೇ ರೂಢಿ.

ಕಾಯ್ದೆ ಕಣ್ಣು
ಆ ಹೆದರಿಕೆಗೆ ಈಗ ಆಧಾರವಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಕಲಂ 115ರ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆಗೆ ಗುರಿಪಡಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಅಂತಿದ್ದ ಹಳೆಯ ಐಪಿಸಿ ಕಲಂ 309 ಇಲ್ಲ. ಉಳಿದಿರೋದು ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿಪಡಿಸಲು ಆತ್ಮಹತ್ಯೆಗೆ ಯತ್ನಿಸುವ ಪ್ರಕರಣ, ಕಲಂ 226. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಅಂತ ದಾಖಲಿಸುತ್ತಾರೆ, ಅದು ಅವರ ಕೆಲಸ. ಎಂಎಲ್‌ಸಿ ಅಂದರೆ ವಿದ್ಯಾರ್ಥಿಯ ಮೇಲೆ ಕೇಸ್ ಅಲ್ಲ.

ಎರಡನೇ ಪ್ರಶ್ನೆಗೆ: ಹೆಸರು ಕೊಡಬೇಡಿ. ಅದೇ ಕಾಯ್ದೆಯ ಕಲಂ 23 ಗೋಪ್ಯತೆಯ ಹಕ್ಕು ಕೊಡುತ್ತದೆ.

ಬಯಲುಸೀಮೆ
ಗೋಪ್ಯತೆ ಅಂತ ಕೂತರೆ ನಾಳೆ ಏನಾದರೂ ಆದಾಗ ಅಪ್ಪ-ಅಮ್ಮ ಕೇಳೋದು "ನಮಗ್ಯಾಕೆ ಹೇಳಲಿಲ್ಲ" ಅಂತ. ನನ್ನ ಕೇಳಿದರೆ ಪ್ರತಿ ಕೇಸೂ ಮನೆಗೆ ತಿಳಿಸಬೇಕು.

ಧಾರವಾಡ ಪೇಡೆ
ಪ್ರತಿಯೊಂದೂ ತಿಳಿಸಿದ್ರ ಮುಂದಿನ ತಿಂಗಳ ನಿಮ್ಮ ಕಾಯೂ ಪಟ್ಟಿ ತಾನ ಖಾಲಿ ಆಗತೈತಿ, ಯಾರೂ ಬರಂಗಿಲ್ಲ. ಕಲಂ 23ರಾಗನ ವಿನಾಯಿತಿ ಅದಾವು: ಜೀವಕ್ಕ ಅಪಾಯ ಇದ್ರ, ಬ್ಯಾರೆಯವ್ರಿಗೆ ಹಾನಿ ಆಗೂಹಂಗಿದ್ರ, ಕೋರ್ಟ್ ಕೇಳಿದ್ರ ಎಷ್ಟು ಅಗತ್ಯನೋ ಅಷ್ಟ ಹೇಳಬಹುದು. ಇದನ್ನ ಮೊದಲನೇ ಭೇಟಿಯ ಮೊದಲನೇ ಎರಡು ನಿಮಿಷದಾಗ ಅವರಿಗೆ ಹೇಳಿಬಿಡ್ರಿ, ಕಡೀಕಲ್ಲ. ಅಪಾಯ ಇದ್ದಾಗೂ "ಮನಿಗೆ ಹೇಳಲೇನು" ಅಂತ ಕೇಳಬ್ಯಾಡ್ರಿ, "ಮನಿಯೊಳಗ ಮೊದಲ ಯಾರಿಗೆ ಹೇಳೂಣು, ನೀ ಹೇಳ್ತಿಯೋ ನಾ ಹೇಳಲೋ" ಅಂತ ಕೇಳ್ರಿ. ಭಾಳಷ್ಟು ಸಲ ಅಪ್ಪಲ್ಲ, ಸೋದರಮಾವನೋ ಅಕ್ಕನೋ ಸಿಗತಾರ. ಒಂದೊಂದು ಕೇಸಿನ್ಯಾಗ ಮನಿನ ಸಮಸ್ಯೆ ಇರತೈತಿ, ಒತ್ತಾಯದ ಲಗ್ನ, ಹೊಡೆತ. ಅಲ್ಲಿ ಕಣ್ಣುಮುಚ್ಚಿ ಫೋನ್ ಮಾಡಿದ್ರ ಬೆಂಕಿಗೆ ನೂಕಿದಂಗ.

ಕಾಯ್ದೆ ಕಣ್ಣು
ಸೇರಿಸಬೇಕಾದ್ದು: ಮೊದಲ ಸೆಮಿಸ್ಟರ್‌ನಲ್ಲಿ 18 ತುಂಬದವರು ಇರುತ್ತಾರೆ. ಅವರು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ ಪೋಕ್ಸೊ ಕಲಂ 19ರಡಿ ವರದಿ ಮಾಡೋದು ಕಡ್ಡಾಯ, ಮಾಡದಿದ್ದರೆ ಕಲಂ 21ರಡಿ ಶಿಕ್ಷೆ. ಅಲ್ಲಿ ಗೋಪ್ಯತೆಯ ವಾದ ನಿಲ್ಲಲ್ಲ. ಹುಟ್ಟಿದ ದಿನಾಂಕ ಮೊದಲ ಹಾಳೆಯಲ್ಲೇ ಇರಲಿ.

ಲೆಕ್ಕದ ಮೇಷ್ಟ್ರು
ನ್ಯಾಕ್‌ಗೆ ಸಂಖ್ಯೆ ಸಾಕು: ತಿಂಗಳವಾರು ಭೇಟಿಗಳು, ಸಮಸ್ಯೆಯ ವರ್ಗ, ಎಷ್ಟು ಮಂದಿಯನ್ನು ಹೊರಗೆ ಕಳಿಸಿದಿರಿ. ಅದರಲ್ಲೂ ಒಂದು ಕಿತಾಪತಿ ಇದೆ. ವಿಭಾಗವಾರು ಕೊಟ್ಟು "ಸಿವಿಲ್, ಮೂರನೇ ವರ್ಷ, ಮಹಿಳೆ: 1" ಅಂತ ಬರೆದರೆ ಹೆಸರು ಬರೆದ ಹಾಗೇ. ಐದಕ್ಕಿಂತ ಕಡಿಮೆ ಇರೋ ಕಡೆಯೆಲ್ಲ "5ಕ್ಕಿಂತ ಕಡಿಮೆ" ಅಂತ ಹಾಕಿ. ಕೇಸ್ ಹಾಳೆಗೆ ಕೋಡ್ ಸಂಖ್ಯೆ, ಕೋಡ್ ಮತ್ತು ಹೆಸರಿನ ರಿಜಿಸ್ಟರ್ ಬೇರೆ ಬೀರುವಿನಲ್ಲಿ. ಟಿಪ್ಪಣಿಯಲ್ಲಿ ದಿನಾಂಕ, ಅಪಾಯದ ಮಟ್ಟ, ಏನು ನಿರ್ಧಾರವಾಯಿತು, ಮುಂದಿನ ಭೇಟಿ ಇಷ್ಟಿರಲಿ. ಪ್ರೇಮ ಪ್ರಕರಣದ ಪುರಾಣ ಬೇಡ.

ಬಿಳಿ ಕೋಟು
ವೈದ್ಯಕೀಯ ಕಡೆಯಿಂದ ಎರಡು ಮಾತು. ನಿದ್ದೆ ಇಲ್ಲ, ಸುಸ್ತು, ಎದೆ ಡವಡವ, ತಲೆನೋವು ಅಂತ ಬಂದವರಿಗೆಲ್ಲ ಕೌನ್ಸೆಲಿಂಗ್ ಮಾತ್ರ ಸಾಲದು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಒಮ್ಮೆ ನೋಡಿಸಿ. ಹಾಸ್ಟೆಲ್‌ನಲ್ಲಿ ತಿಂಡಿ ಬಿಟ್ಟು ಮೂರು ಕಾಫಿ ಕುಡಿಯೋ ಹುಡುಗಿಗೆ ರಕ್ತಹೀನತೆ ಇದ್ದರೆ ಎಷ್ಟು ಉಸಿರಾಟದ ಅಭ್ಯಾಸ ಮಾಡಿಸಿದರೂ ಸುಸ್ತು ಹೋಗಲ್ಲ.

ಇನ್ನು ಔಷಧಿ. ಖಿನ್ನತೆಯ ಮಾತ್ರೆ ಪರಿಣಾಮ ತೋರಿಸಲು ಎರಡರಿಂದ ಆರು ವಾರ ಬೇಕು, ಹೊಟ್ಟೆ ತೊಳಸೋದು, ಚಡಪಡಿಕೆ ಮೊದಲ ವಾರದಲ್ಲೇ ಬರುತ್ತೆ. ಹಾಗಾಗಿ ಹತ್ತನೇ ದಿನಕ್ಕೆ ಮಾತ್ರೆ ಬಿಟ್ಟು "ಕೆಲಸ ಮಾಡಲ್ಲ ಸರ್" ಅಂತಾರೆ. 25ಕ್ಕಿಂತ ಚಿಕ್ಕವರಲ್ಲಿ ಶುರುವಿನ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಾಗೋ ಸಾಧ್ಯತೆ ಇದೆ ಅನ್ನೋ ಎಚ್ಚರಿಕೆಯೂ ಇದೆ. ಮಾತ್ರೆ ಶುರುವಾದ ವಿದ್ಯಾರ್ಥಿಯನ್ನು ಮೊದಲ ತಿಂಗಳು ವಾರಕ್ಕೊಮ್ಮೆ ಹತ್ತು ನಿಮಿಷವಾದರೂ ನೋಡಿ. ಅಪಾಯವಿದ್ದವರಿಗೆ ಒಂದು ವಾರದ ಮಾತ್ರೆ ಮಾತ್ರ ಕೊಡಿ ಅಂತ ವೈದ್ಯರನ್ನೇ ಕೇಳಿ.

ದುಡ್ಡಿನ ಚಿಂತೆ ಇರೋರಿಗೆ ಜಿಲ್ಲಾಸ್ಪತ್ರೆಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ನಡೆಯುತ್ತೆ.

ಕಡಲತಡಿ
ಮಂಗಳವಾರ ಹೋದರೆ ಅವತ್ತಿನ ಹಾಜರಿ ಹೋಯ್ತು. ವಿಟಿಯುನಲ್ಲಿ 85% ಬೇಕಲ್ಲ.

ಎರಡನೇ ಶಿಫ್ಟ್
ಈಗ ಎಲ್ಲರೂ ಎಐ ಚಾಟ್‌ಬಾಟ್‌ಗೇ ಹೇಳಿಕೊಳ್ತಾರೆ. ರಾತ್ರಿ ಎರಡಕ್ಕೂ ಸಿಗುತ್ತೆ, ಬೈಯಲ್ಲ, ಅಪ್ಪನಿಗೆ ಹೇಳಲ್ಲ. ಕೌನ್ಸೆಲರ್ ಬೇಕಾ ಇನ್ನು?

ವಾರ್ಡನ್ ಅಕ್ಕ
ಅದು ಆಂಬುಲೆನ್ಸ್ ಹತ್ತಿ ಜೊತೆಗೆ ಬರುತ್ತಾ?

ಬಿಳಿ ಕೋಟು
ರಾತ್ರಿ ಎರಡಕ್ಕೆ ಮನುಷ್ಯರ ದನಿಯೇ ಬೇಕಿದ್ದರೆ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾಯ್ತು, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ, ಬೆಂಗಳೂರಿನ ನಿಮ್ಹಾನ್ಸ್ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ. ಮೊದಲು ಎತ್ತೋದು ತರಬೇತಿ ಪಡೆದ ಆಪ್ತಸಮಾಲೋಚಕರು, ಅಗತ್ಯವಿದ್ದರೆ ತಜ್ಞರಿಗೆ ದಾಟಿಸ್ತಾರೆ. ವಿದ್ಯಾರ್ಥಿಗೆ ನಂಬರ್ ಕೊಟ್ಟು ಕಳಿಸೋ ಬದಲು ನಿಮ್ಮ ಕೊಠಡಿಯಲ್ಲೇ ಒಮ್ಮೆ ಕರೆ ಮಾಡಿಸಿ. ಮೊದಲ ಕರೆಯ ಸಂಕೋಚ ಅಲ್ಲೇ ಮುಗಿದಿರುತ್ತೆ.

ಕೊಠಡಿ 14
ಲೆಕ್ಕದ ಮೇಷ್ಟ್ರೇ, ಆ "ನಾಲ್ವರಲ್ಲಿ ಮೂವರು" ಎಲ್ಲಿಗೆ ಹೋಗಬೇಕು ಅನ್ನೋದು ಇನ್ನೂ ಬಾಕಿ.

ಲೆಕ್ಕದ ಮೇಷ್ಟ್ರು
ಬಂದವರಲ್ಲಿ ಒಂದಷ್ಟು ಜನಕ್ಕೆ ಬೇಕಿರೋದು ಕೌನ್ಸೆಲಿಂಗೇ ಅಲ್ಲ. ಸ್ಕಾಲರ್‌ಶಿಪ್ ಬಂದಿಲ್ಲ, ಶುಲ್ಕ ಬಾಕಿ, ಬ್ಯಾಕ್‌ಲಾಗ್ ಲೆಕ್ಕ, ರೂಮ್‌ಮೇಟ್ ಬದಲಾವಣೆ. ಕಚೇರಿಯಲ್ಲಿ ಇದಕ್ಕೊಬ್ಬ ನಿಗದಿತ ವ್ಯಕ್ತಿ ಇರಲಿ, ನೀವು ಚೀಟಿ ಕೊಟ್ಟರೆ ಎರಡು ದಿನದಲ್ಲಿ ಉತ್ತರ ಬರಬೇಕು. ರ‍್ಯಾಗಿಂಗ್ ದೂರು ಸಮಿತಿಗೆ ಹೋಗಬೇಕು, ಕೌನ್ಸೆಲರ್ ಸೋಫಾಗಲ್ಲ.

ಇನ್ನೊಂದಷ್ಟು ಜನಕ್ಕೆ ಗುಂಪು. ಪರೀಕ್ಷಾ ಭಯ, ನಿದ್ದೆ, ಕನ್ನಡ ಮಾಧ್ಯಮದಿಂದ ಬಂದು ಮೊದಲ ಸೆಮಿಸ್ಟರ್‌ನಲ್ಲಿ ಕಂಗಾಲಾದವರು. ಎಂಟು ಜನ, ವಾರಕ್ಕೊಂದು ಗಂಟೆ, ನಾಲ್ಕು ವಾರ. ಸೆಮಿಸ್ಟರ್‌ಗೆ ಇಂಥ ನಾಲ್ಕು ಗುಂಪು ಮಾಡಿದರೆ 16 ಗಂಟೆಯಲ್ಲಿ 32 ಜನ. ಒಬ್ಬೊಬ್ಬರನ್ನೇ ಕೂರಿಸಿದರೆ ಅದಕ್ಕೆ 128 ಗಂಟೆ.

ಧಾರವಾಡ ಪೇಡೆ
ಗುಂಪಿಗೆ "ಮಾನಸಿಕ ಆರೋಗ್ಯ ಕಾರ್ಯಾಗಾರ" ಅಂತ ಹೆಸರಿಟ್ರ ಒಬ್ಬರೂ ಬರಂಗಿಲ್ಲ. "ಇಂಟರ್ನಲ್ಸ್ ಮುಂಚಿನ ವಾರ" ಅಂತ ಬರೀರಿ. ಒಂದ ಕ್ಲಾಸಿನವ್ರನ್ನ ಒಂದ ಗುಂಪಿಗೆ ಹಾಕಬ್ಯಾಡ್ರಿ, ಬಾಯಿ ಬಿಡಂಗಿಲ್ಲ. ಸಾಯೂ ವಿಚಾರ ಇದ್ದವ್ರು ಈ ಗುಂಪಿಗಲ್ಲ, ಅವ್ರು ದೊಡ್ಡ ಸೆಷನ್ನಿಗೆ.

ಮತ್ತ ದಿನಾ ಒಂದು ಸ್ಲಾಟ್ ಖಾಲಿ ಇಟ್ಟಿರ್ರಿ, ಮಧ್ಯಾಹ್ನ ಎರಡೂವರಿದು. ಅವತ್ತಿನ ತುರ್ತಿಗೆ ಅದು. ಯಾರೂ ಬರದಿದ್ರ ಟಿಪ್ಪಣಿ ಬರೀರಿ. ಅದನ್ನ ಮುಂಚೇನ ಬುಕ್ ಮಾಡಕ ಬಿಟ್ರಿ ಅಂದ್ರ ತುರ್ತು ಬಂದ ದಿನ ಯಾರದೋ ಸೆಷನ್ ಮುರೀತೈತಿ, ಹಂಗ ಒಬ್ಬರದು ಎರಡು ಸಲ ಮುರದ್ರ ಅವ ಮೂರನೇ ಸಲ ಬರಂಗಿಲ್ಲ.

ಕಡಲತಡಿ
ಮೆಂಟರ್‌ಗಳನ್ನು ಬಳಸಬಹುದಲ್ಲ, ಹೇಗೂ 20 ಮಕ್ಕಳಿಗೊಬ್ಬರು ಅಂತ ಮೆಂಟರ್ ಡೈರಿ ತುಂಬಿಸುತ್ತಾರೆ.

ವಾರ್ಡನ್ ಅಕ್ಕ
ತುಂಬಿಸ್ತಾರೆ, ಪರಿಶೀಲನೆಯ ಹಿಂದಿನ ರಾತ್ರಿ, ಒಂದೇ ಪೆನ್ನಿನಲ್ಲಿ. ಮೆಂಟರ್‌ಗೆ ಸಲಹೆ ಕೊಡೋ ಕೆಲಸ ಬೇಡ, ಗಮನಿಸೋದಷ್ಟೇ ಕೊಡಿ: ಸತತ ಮೂರು ದಿನ ಗೈರು, ದಿಢೀರ್ ಅಂಕ ಕುಸಿತ, ವಸ್ತುಗಳನ್ನು ಹಂಚಿಬಿಡೋದು, "ಇನ್ನೇನು ಇರಲ್ಲ ಬಿಡಿ" ಅನ್ನೋ ಮಾತು. ಕಂಡರೆ ಮುಖಾಮುಖಿ ಕೇಳಿ, ಜೊತೆಯಲ್ಲೇ ನಡೆದು ಕೌನ್ಸೆಲರ್ ಬಾಗಿಲ ತನಕ ಬಿಡಬೇಕು. "ಹೋಗಿ ನೋಡು" ಅಂದರೆ ಹೋಗಲ್ಲ.

ಹಾಗೇ, ಆಸ್ಪತ್ರೆಯಿಂದ ವಾಪಸ್ ಬಂದ ಮಗುವಿಗೆ ರೂಮ್‌ಮೇಟ್‌ನ ಕಾವಲು ಹಾಕಬೇಡಿ. 19 ವರ್ಷದ ಹುಡುಗಿ ರಾತ್ರಿಯಿಡೀ ಎಚ್ಚರ ಕೂತು ಅವಳೂ ಬೀಳ್ತಾಳೆ. ವಾಪಸ್ ಬರೋ ಮೊದಲು ಕೌನ್ಸೆಲರ್, ವಾರ್ಡನ್, ಮನೆಯವರು ಒಬ್ಬರು, ವಿದ್ಯಾರ್ಥಿ, ನಾಲ್ವರು ಅರ್ಧ ಗಂಟೆ ಕೂರಿ. ಔಷಧಿ ಯಾರ ಹತ್ತಿರ, ಮೊದಲ ವಾರ ಯಾವ ಕ್ಲಾಸ್, ಕೇಳಿದವರಿಗೆ ಏನಂತ ಹೇಳಬೇಕು ಅನ್ನೋದು ತೀರ್ಮಾನವಾಗಲಿ.

ಬಯಲುಸೀಮೆ
ಕೊಠಡಿ ಎಲ್ಲಿದೆ ಅಂತ ಯಾರೂ ಕೇಳಲಿಲ್ಲವಲ್ಲ. ಪ್ರಾಂಶುಪಾಲರ ಚೇಂಬರ್ ಪಕ್ಕ, ಗಾಜಿನ ಬಾಗಿಲು, ಎದುರಿಗೆ ಶುಲ್ಕದ ಕ್ಯೂ. ಇದಕ್ಕಿಂತ ಮೈಕ್‌ನಲ್ಲಿ ಹೆಸರು ಕೂಗೋದು ಮೇಲು.

ಧಾರವಾಡ ಪೇಡೆ
ಲೈಬ್ರರಿ ಬಾಜೂಕ ಕೇಳ್ರಿ, ಅಲ್ಲಿ ಯಾರು ಯಾಕ ಬಂದ್ರು ಅಂತ ಗೊತ್ತಾಗಂಗಿಲ್ಲ. ಬಾಗಿಲದ ಹೊರಗ ಒಂದು ಹಳೇ ಟೇಬಲ್ ಫ್ಯಾನ್ ಹಚ್ಚಿಡ್ರಿ, ಆ ಸದ್ದಿಗೆ ಒಳಗಿನ ಮಾತು ಕೇಳಸಂಗಿಲ್ಲ. ಮತ್ತ ಹದಿನೈದು ದಿನಕ್ಕೊಮ್ಮೆ ಹೊರಗಿನ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಜೊತಿ ಕೇಸ್ ಚರ್ಚೆಗೆ ತಾಸು ಇಟಗೋರಿ, ಫೀ ಕಾಲೇಜ ಕೊಡಲಿ. ಒಬ್ಬರ ಕೂತು ಇಷ್ಟು ಹೊತ್ತುಕೊಂಡ್ರ ಎರಡು ವರ್ಷದಾಗ ರಾಜೀನಾಮೆ ಬರೀತಾರ, ಹೊಸಬರು ಬಂದು ಮತ್ತ ಒಂದರಿಂದ ಶುರು.

ಕೊಠಡಿ 14
ಎಲ್ಲರಿಗೂ ಧನ್ಯವಾದ. ಮೊದಲ ಭೇಟಿಯ ಗಂಟೆ ಮತ್ತು ಎರಡೂವರೆಯ ಸ್ಲಾಟ್ ಸೋಮವಾರದ ವೇಳಾಪಟ್ಟಿಗೇ ಹಾಕಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ. ಕಡಲತಡಿ ಅವರು ಎತ್ತಿದ ಹಾಜರಿ ಪ್ರಶ್ನೆ ಉಳೀತು: ಪತ್ರದಲ್ಲಿ ಕಾಯಿಲೆ ಬರೆಯದೆ ಹಾಜರಿ ಕೇಳೋದು ಹೇಗೆ?

ಲೆಕ್ಕದ ಮೇಷ್ಟ್ರು
"ಈ ವಿದ್ಯಾರ್ಥಿಯು ಕೆಳಕಂಡ ದಿನಾಂಕ ಮತ್ತು ಸಮಯದಲ್ಲಿ ವಿದ್ಯಾರ್ಥಿ ಕ್ಷೇಮ ಕೇಂದ್ರದ ಕೆಲಸದ ಮೇಲೆ ಹಾಜರಿದ್ದರು" ಅಷ್ಟೇ ಬರೆಯಿರಿ. ಕೌನ್ಸೆಲಿಂಗ್ ಅಂತಲೂ ಬೇಡ. ಆಸ್ಪತ್ರೆಗೆ ದಾಖಲಾಗಿದ್ದರೆ ವೈದ್ಯಕೀಯ ಪ್ರಮಾಣಪತ್ರ ಮುಚ್ಚಿದ ಲಕೋಟೆಯಲ್ಲಿ ನೇರ ಪ್ರಾಂಶುಪಾಲರಿಗೆ, ವಿಭಾಗದ ಗುಮಾಸ್ತರ ಮೂಲಕ ಅಲ್ಲ. ಕೊರತೆ ಮನ್ನಾಕ್ಕೆ ವಿಶ್ವವಿದ್ಯಾಲಯಕ್ಕೆ ಶಿಫಾರಸು ಹೋಗಬೇಕಾಗಿರೋದು ಅವರಿಂದಲೇ. ಸೆಮಿಸ್ಟರ್ ಕೊನೆಯ ವಾರ ತನಕ ಕಾಯಬೇಡಿ.

ಕಡಲತಡಿ
ಆ ಪತ್ರಕ್ಕೆ ಕ್ರೀಡಾ ವಿಭಾಗ, ಎನ್‌ಎಸ್‌ಎಸ್‌ನವರು ಬಳಸುವ ಲೆಟರ್‌ಹೆಡ್ಡನ್ನೇ ಬಳಸಿ. ಬೇರೆ ಬಣ್ಣದ ಹಾಳೆಯಾದರೆ ಕ್ಲಾಸಿಗೆಲ್ಲ ಗೊತ್ತಾಗ್ತದೆ.